ನೀರು ಇಳಿದ ಮೇಲೆ ಬರುವವರು

ಒಂದು ಪ್ಲಾಸ್ಟಿಕ್ ಬಕೆಟ್ಟು. ಸುಮಾರು 19 ಲೀಟರಿನದು, ಮೇಲೆ ಗಟ್ಟಿ ಮುಚ್ಚಳ. ಒಳಗೆ ತಿಕ್ಕುವ ಬ್ರಷ್ಷು, ಸ್ಪಂಜು, ಸೋಪು, ಗ್ಲೌಸು, ಮಾಸ್ಕು, ಕಸದ ಚೀಲ, ಸೊಳ್ಳೆ ಔಷಧಿ, ಬಟ್ಟೆ ಒಣಹಾಕುವ ಹಗ್ಗ, ಒಂದಷ್ಟು ಕ್ಲಿಪ್ಪು. ಅಮೆರಿಕದ ಮೆಥಡಿಸ್ಟ್ ಚರ್ಚುಗಳಲ್ಲಿ ಜನ ಸೇರಿ ಇಂಥ ಬಕೆಟ್ಟುಗಳನ್ನು ತುಂಬಿಸಿಡುತ್ತಾರೆ. ಏನೇನು ಹಾಕಬೇಕು ಎಂದು ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಆಗಿನ್ನೂ ಚಂಡಮಾರುತ ಬಂದಿರುವುದಿಲ್ಲ. ಬಂದ ದಿನ ಬಕೆಟ್ಟು ಸಿದ್ಧವಿರುತ್ತದೆ.

ನೆರವು ಎಂದರೆ ನಮಗೆ ಮೊದಲು ನೆನಪಾಗುವುದು ಅನ್ನ, ಬಟ್ಟೆ, ಕಂಬಳಿ. ಬ್ರಷ್ಷು ಯಾಕೆ? ಅಲ್ಲಿನ ಮನೆಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ನಮ್ಮಲ್ಲಿ ಇಟ್ಟಿಗೆ ಮನೆಗೆ ನೀರು ನುಗ್ಗಿದರೆ ಕೆಸರು ಬಳಿದು, ತೊಳೆದು, ಗೋಡೆ ಒಣಗಲು ಬಿಡುತ್ತೇವೆ. ಅಲ್ಲಿ ಜಾಸ್ತಿ ಮನೆಗಳು ಮರದ ಚೌಕಟ್ಟಿನವು. ಒಳಗೋಡೆ ಜಿಪ್ಸಂ ಬೋರ್ಡಿನದು. ಅದು ನೀರು ಕುಡಿದರೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಆಮೇಲೆ ತೊಳೆದು ಪ್ರಯೋಜನವಿಲ್ಲ. ಕಾರ್ಪೆಟ್ಟು, ಸೋಫಾ, ಫ್ರಿಜ್ಜು ಎಲ್ಲವನ್ನೂ ರಸ್ತೆಬದಿಗೆ ಹೊರಬೇಕು. ಗೋಡೆಯನ್ನು ಬರೀ ಮರ ಕಾಣುವವರೆಗೆ ಕಿತ್ತು ಹಾಕಬೇಕು. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಇದನ್ನು ಯಾರು ಮಾಡುತ್ತಾರೆ? ಸಾಮಾನ್ಯ ಮನೆ ವಿಮೆ ಪ್ರವಾಹದ ನಷ್ಟಕ್ಕೆ ಹಣ ಕೊಡುವುದಿಲ್ಲ. ಅದಕ್ಕೆ ಬೇರೆ ವಿಮೆ ಮಾಡಿಸಿರಬೇಕು. ಅದನ್ನು ಮಾಡಿಸದವರೂ ಬಹಳ. ಈ ಜಾಗದಲ್ಲೇ ಚರ್ಚಿನವರು ಬರುತ್ತಾರೆ.

ಈ ಕಥೆ ಹಳೆಯದು. 1900ರ ಸೆಪ್ಟೆಂಬರ್ 8ರಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ಗೆ ಚಂಡಮಾರುತ ಬಡಿದು ಆ ದ್ವೀಪದ ಮೇಲೆ ಸಮುದ್ರ ಹರಿಯಿತು. ಕನಿಷ್ಠ 6,000 ಜನ ಸತ್ತರು. ಕಡಲ ದಂಡೆಯಲ್ಲೇ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಮೇರೀಸ್ ಅನಾಥಾಲಯವಿತ್ತು. ನೀರು ಏರುತ್ತಿದ್ದಂತೆ ಅವರು ಬಟ್ಟೆ ಒಣಹಾಕುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹತ್ತೂ ಜನ ಸನ್ಯಾಸಿನಿಯರು, 90 ಮಕ್ಕಳು ಹೋದರು. ಮೂವರು ಹುಡುಗರು ಮಾತ್ರ ಉಳಿದರು. ಇದನ್ನು ಎಷ್ಟು ಸಲ ಓದಿದರೂ ನನಗೆ ಮುಂದಿನ ಸಾಲಿಗೆ ಹೋಗಲು ಹೊತ್ತು ಬೇಕಾಗುತ್ತದೆ.

ಆ ದುರಂತಕ್ಕೆ ಅಮೆರಿಕನ್ ರೆಡ್ ಕ್ರಾಸ್ ಕಟ್ಟಿದ 78 ವರ್ಷದ ಕ್ಲಾರಾ ಬಾರ್ಟನ್ ತಮ್ಮ ತಂಡದೊಂದಿಗೆ ಬಂದರು. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯವರೂ ಬಂದರು. ಆದರೆ ಆಗಿನ ನೆರವು ಆ ಹೊತ್ತಿನ ಕರುಣೆಯಿಂದ ಹುಟ್ಟಿದ್ದು. ಮುಂದಿನ ಚಂಡಮಾರುತಕ್ಕೆ ಈಗಲೇ ತಯಾರಾಗಿರಬೇಕು ಎನ್ನುವ ಯೋಚನೆ ಬೇರೂರಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಅಂಥ ತಯಾರಿಗೆ ಮುಂದಾದವರಲ್ಲಿ ಮೆನೊನೈಟರು ಮುಖ್ಯರು. ಇವರು ಯುದ್ಧಕ್ಕೆ ಹೋಗದ ಕ್ರೈಸ್ತ ಪಂಥದವರು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ ಇವರ ಹುಡುಗರು ಅದರ ಬದಲು ಕಾಡುಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದರು. ಯುದ್ಧ ಮುಗಿಯಿತು. ದುಡಿಯುವ ಅಭ್ಯಾಸ ಬಿಡಲಿಲ್ಲ. 1950ರಲ್ಲಿ ಕಾನ್ಸಾಸ್‌ನ ಹೆಸ್ಟನ್‌ನಲ್ಲಿ ಭಾನುವಾರದ ಶಾಲೆಯವರ ಪಿಕ್‌ನಿಕ್ ನಡೆದಾಗ ಮಾತಿಗೆ ಮಾತು ಬೆಳೆದು ಮೆನೊನೈಟ್ ಡಿಸಾಸ್ಟರ್ ಸರ್ವಿಸ್ ಹುಟ್ಟಿತು. ರೈತರು, ಬಡಗಿಗಳು ಜಾಸ್ತಿ ಇದ್ದ ಸಮುದಾಯ ಅಲ್ವಾ, ಮನೆ ಕಟ್ಟುವುದು ಅವರಿಗೆ ಗೊತ್ತಿದ್ದ ಕೆಲಸ.

ಅಡುಗೆಯ ಕಥೆ ಟೆಕ್ಸಸ್‌ನದು. 1967ರಲ್ಲಿ ಬ್ಯೂಲಾ ಚಂಡಮಾರುತ ಬಂದಾಗ ಬ್ಯಾಪ್ಟಿಸ್ಟ್ ಚರ್ಚುಗಳ ಗಂಡಸರು ಹೋಗಿ, ಡಬ್ಬಿಯಲ್ಲಿ ಮೇಣ ಹಾಕಿ ಉರಿಸುವ ಪುಟ್ಟ ಒಲೆಗಳ ಮೇಲೆ ಬಿಸಿ ಊಟ ಮಾಡಿ ಬಡಿಸಿದರು. ಇವತ್ತು ಅದೇ ಕೆಲಸ ದೊಡ್ಡ ಟ್ರೇಲರ್ ಅಡುಗೆಮನೆಗಳಲ್ಲಿ ನಡೆಯುತ್ತದೆ. ಹಳದಿ ಅಂಗಿಯ ಬ್ಯಾಪ್ಟಿಸ್ಟರು ಬೇಯಿಸುತ್ತಾರೆ. ರೆಡ್ ಕ್ರಾಸ್ ಗಾಡಿಗಳು ಬಿಸಿ ಆರದ ಪೆಟ್ಟಿಗೆಗಳಲ್ಲಿ ಬೀದಿ ಬೀದಿಗೆ ಒಯ್ಯುತ್ತವೆ. ನೆರವು ಶಿಬಿರದಲ್ಲಿ ರೆಡ್ ಕ್ರಾಸ್ ಊಟ ತಿಂದೆ ಎನ್ನುವವರಲ್ಲಿ ಎಷ್ಟೋ ಜನರಿಗೆ, ಅದನ್ನು ಬೇಯಿಸಿದ್ದು ಯಾವುದೋ ಹಳ್ಳಿ ಚರ್ಚಿನ ನಿವೃತ್ತ ಮೇಷ್ಟ್ರು ಇರಬಹುದು ಎಂದು ಗೊತ್ತೇ ಇರುವುದಿಲ್ಲ.

ಒಳ್ಳೆಯ ಮನಸ್ಸು ಸಾಲದು ಎಂದು ಕಲಿಸಿದ್ದು 1969ರ ಕಮೀಲ್ ಚಂಡಮಾರುತ. ಮಿಸಿಸಿಪಿ ಕರಾವಳಿಗೆ ನೆರವು ಬಂತು, ಆದರೆ ಯಾರು ಎಲ್ಲಿ ಏನು ಮಾಡುತ್ತಿದ್ದಾರೆ ಎಂದು ಒಬ್ಬರಿಗೊಬ್ಬರಿಗೆ ತಿಳಿದಿರಲಿಲ್ಲ. ಒಂದು ಕಡೆ ಸಿಕ್ಕವರಿಗೇ ಮತ್ತೆ ಸಿಕ್ಕಿತು. ಇನ್ನೊಂದು ಕಡೆ ಯಾರೂ ಹೋಗಲಿಲ್ಲ. ಮರುವರ್ಷ ಏಳು ಸಂಸ್ಥೆಗಳು ಕೂತು ಒಂದು ರಾಷ್ಟ್ರೀಯ ಒಕ್ಕೂಟ ಮಾಡಿಕೊಂಡವು. ಇವತ್ತಿಗೂ ಚರ್ಚುಗಳ ನೆರವು ಕೆಲಸ ಹೊಂದಿಕೊಂಡು ನಡೆಯುವುದು ಆ ಒಕ್ಕೂಟದ ಮೂಲಕ. ಅದರ ನಿಯಮಗಳಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದು: ನೆರವನ್ನು ಯಾವ ಧರ್ಮದ, ಯಾವ ರಾಜಕೀಯದ ಪ್ರಚಾರಕ್ಕೂ ಬಳಸಬಾರದು. ಎಲ್ಲ ಕಡೆ, ಎಲ್ಲರೂ ಇದನ್ನು ಪೂರ್ತಿ ಪಾಲಿಸುತ್ತಾರೆ ಎಂದು ನಾನು ಹೇಳಲಾರೆ. ಆದರೆ ಮನೆ ಕಳೆದುಕೊಂಡವನು ಬೇಡ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಆ ಹೊತ್ತಲ್ಲಿ ಅವನ ಮುಂದೆ ಷರತ್ತು ಇಡುವುದು ತಪ್ಪು. ನಿಯಮ ಬೇಕೇ ಬೇಕು.

2005ರ ಆಗಸ್ಟ್ 29ರಂದು ಕತ್ರೀನಾ ಬಂತು. ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್‌ನ ಶೇ 80ರಷ್ಟು ಭಾಗ ಮುಳುಗಿತು. ಆ ವರ್ಷದ ಚಂಡಮಾರುತಗಳಲ್ಲಿ ಬ್ಯಾಪ್ಟಿಸ್ಟ್ ಅಡುಗೆಮನೆಗಳು 1 ಕೋಟಿ 40 ಲಕ್ಷಕ್ಕೂ ಹೆಚ್ಚು ಊಟ ತಯಾರಿಸಿದವು. ಆದರೆ ಚರ್ಚು ಎಂದರೆ ಹೊರಗಿಂದ ಬಂದವರು ಮಾತ್ರ ಅಲ್ಲ. ನಗರದ ಪೂರ್ವಕ್ಕೆ ವಿಯೆಟ್ನಾಮಿನಿಂದ ವಲಸೆ ಬಂದವರ ಒಂದು ಬಡಾವಣೆ ಇದೆ. ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಪಾದ್ರಿ ವಿಯೆನ್ ಗುಯೆನ್ ಅವರು ಚದುರಿದ ತಮ್ಮ ಜನರನ್ನು ಕೆಲವೇ ವಾರಗಳಲ್ಲಿ ಮರಳಿ ಕರೆತಂದರು. ವಿದ್ಯುತ್ ಕಂಪನಿಗೆ, ಅಲ್ಲಿ ಬಳಕೆದಾರರು ಇದ್ದಾರೆ ಎನ್ನುವುದಕ್ಕೆ ಪುರಾವೆ ಬೇಕಿತ್ತು. ಪಾದ್ರಿಗಳು ಪ್ರಾರ್ಥನೆಗೆ ಬಂದ ಜನರ ಫೋಟೊ ತೋರಿಸಿದರು. ಬೇರೆ ಬಡಾವಣೆಗಳು ಇನ್ನೂ ಕತ್ತಲಲ್ಲಿದ್ದಾಗ ಅಲ್ಲಿ ದೀಪ ಉರಿಯಿತು.

ಈ ಕೆಲಸದಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ಬೆಳಿಗ್ಗೆ ಬಂದ ಹೊತ್ತು, ಸಂಜೆ ಹೋದ ಹೊತ್ತು ಬರೆದು ಸಹಿ ಹಾಕಬೇಕು. ಸೇವೆ ಮಾಡಲು ಬಂದವರಿಗೆ ಹಾಜರಿ ಯಾಕೆ ಅನ್ನಿಸಬಹುದು. ಸುಮ್ನೆ ಅಲ್ಲ. ವಿಪತ್ತು ಘೋಷಣೆಯಾದರೆ ಸಾರ್ವಜನಿಕ ಕೆಲಸಗಳ ಖರ್ಚಿನಲ್ಲಿ ಕೇಂದ್ರ ಸರ್ಕಾರ ಸಾಮಾನ್ಯವಾಗಿ ಶೇ 75 ಕೊಡುತ್ತದೆ. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಆಡಳಿತದ ಪಾಲು. ಲೆಕ್ಕಕ್ಕೆ ಒಪ್ಪುವ ಕೆಲಸವಾದರೆ ಸ್ವಯಂಸೇವಕರ ಗಂಟೆಗಳಿಗೆ ಬೆಲೆ ಕಟ್ಟಿ ಆ ಪಾಲಿಗೆ ವಜಾ ಹಾಕಿಕೊಳ್ಳಬಹುದು. ಒಂದು ಬಡ ಊರಿಗೆ ಆ ಸಹಿ ಹಣಕ್ಕೆ ಸಮ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಫ್ಲಾರಿಡಾದಲ್ಲಿ ದಡ ಸೇರಿ, ಕಡಲಿನಿಂದ ದೂರದ ಉತ್ತರ ಕ್ಯಾರೊಲೈನಾದ ಗುಡ್ಡಗಾಡನ್ನು ಮುಳುಗಿಸಿತು. ಸಮಾರಿಟನ್ಸ್ ಪರ್ಸ್ ಎಂಬ ಕ್ರೈಸ್ತ ನೆರವು ಸಂಸ್ಥೆಯ ಕೇಂದ್ರ ಕಚೇರಿ ಇರುವ ಬೂನ್ ಕೂಡ ಅದೇ ಗುಡ್ಡಗಳಲ್ಲಿದೆ. ಲೋಕದ ಬೇರೆ ಊರುಗಳಿಗೆ ಹೋಗುತ್ತಿದ್ದವರ ಊರಿಗೇ ನೀರು ಬಂತು. ರಸ್ತೆ ಕೊಚ್ಚಿಹೋದ ಕಡೆ ಸಾಮಾನು ಹೇಸರಗತ್ತೆಗಳ ಮೇಲೆ ಹೋಯಿತು.

ಅದೇ ರಾಜ್ಯದ ಶಾರ್ಲಟ್, ರಾಲಿ ನಗರಗಳಲ್ಲಿ ನಮ್ಮ ಕನ್ನಡದವರು ಇದ್ದಾರೆ. ನಾವೂ ಹೋಗಬಹುದಾ ಎಂದು ಕೇಳುವವರಿಗೆ ಇಷ್ಟು ಹೇಳಬಹುದು. ಇಂಥ ಬಹಳಷ್ಟು ತಂಡಗಳಲ್ಲಿ ಕೆಲಸ ಮಾಡಲು ನೀವು ಕ್ರೈಸ್ತರಾಗಿರಬೇಕಿಲ್ಲ. ಹೇಳದೆ ಕೇಳದೆ ಕಾರು ತುಂಬ ಹಳೆ ಬಟ್ಟೆ ಹೇರಿಕೊಂಡು ಹೊರಡಬೇಡಿ, ಅದನ್ನು ವಿಂಗಡಿಸಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮೊದಲು ಹೆಸರು ನೋಂದಾಯಿಸಿ. ಮಲಗಲು ಚರ್ಚಿನ ಹಾಲ್‌ನ ನೆಲವೇ ಸಿಗಬಹುದು, ಹಾಸಿಗೆ ಒಯ್ಯಿರಿ. ಗೋಡೆ ಕೀಳುವುದು ಎರಡು ದಿನದ ಕೆಲಸ, ಮತ್ತೆ ಕಟ್ಟಲು ವರ್ಷಗಳೇ ಬೇಕು. ಮೊದಲ ವಾರದಲ್ಲಿ ಜನ ತುಂಬಿರುತ್ತಾರೆ. ಆರು ತಿಂಗಳ ನಂತರ ಫೋನ್ ಮಾಡಿ ನೋಡಿ, ಯಾವ ಶನಿವಾರ ಬರ್ತೀರಿ ಎಂದು ಅವರೇ ಕೇಳುತ್ತಾರೆ.