ಫೇಶಿಯಾ ಅಂದ್ರೆ ಯಾವುದು? ಮೊದಲು ಅದು ಇತ್ಯರ್ಥ ಆಗಲಿ

'ನೋವು ಫೇಶಿಯಾದಿಂದ' ಅನ್ನುವ ಮಾತು ಕೇಳಿರಬಹುದು. ಫೇಶಿಯಾ ಅಂದರೆ ಸ್ಥೂಲವಾಗಿ ಸ್ನಾಯು, ಅಂಗಗಳನ್ನು ಸುತ್ತಿರುವ ನಾರಿನ ಪೊರೆ, ಆದರೆ ಅದರ ಗಡಿ ಎಲ್ಲಿ ಅನ್ನುವುದೇ ಗೊಂದಲ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿ. ಗಟ್ಟಿಯಾದ ಒಂದು ಪಟ್ಟಿ ಸಿಗುತ್ತದೆ. ಅದು ಟೆಂಡನ್ನಾ, ಲಿಗಮೆಂಟಾ? ಸ್ನಾಯುವನ್ನು ಮೂಳೆಗೆ ಕಟ್ಟುವುದು ಟೆಂಡನ್, ಮೂಳೆಗೆ ಮೂಳೆಯನ್ನು ಕಟ್ಟುವುದು ಲಿಗಮೆಂಟ್ ಅಂತ ಓದಿರುತ್ತೇವೆ. ಈ ಪಟ್ಟಿ ಚಿಪ್ಪಿನಿಂದ ಕಾಲಿನ ಮೂಳೆಗೆ ಹೋಗುತ್ತದೆ, ಹಾಗಾಗಿ ಲಿಗಮೆಂಟ್. ಆದರೆ ಚಿಪ್ಪು ಅನ್ನುವುದೇ ತೊಡೆ ಸ್ನಾಯುವಿನ ಟೆಂಡನ್ ಒಳಗೆ ಕೂತಿರುವ ಮೂಳೆ, ಅದರ ಕೆಳಗೆ ಇಳಿದಿರುವುದು ಅದೇ ಟೆಂಡನ್ನಿನ ಮುಂದುವರಿಕೆ. ಅಧಿಕೃತ ಲ್ಯಾಟಿನ್ ಹೆಸರಿನಲ್ಲಿ ಅದು ಲಿಗಮೆಂಟ್, ಎಷ್ಟೋ ವೈದ್ಯರ ಬಾಯಲ್ಲಿ ಟೆಂಡನ್.

ಈ ಗೊಂದಲ ಸುಮ್ನೆ ಹುಟ್ಟಿದ್ದಲ್ಲ. ಟೆಂಡನ್, ಲಿಗಮೆಂಟ್, ಫೇಶಿಯಾ ಮೂರರಲ್ಲೂ ಮುಖ್ಯ ಸರಕು ಕೊಲಾಜನ್ ಅನ್ನುವ ಪ್ರೋಟೀನಿನ ನಾರು. ನಾರು ಎಷ್ಟು ದಟ್ಟ, ಯಾವ ದಿಕ್ಕಿಗೆ ಎಳೆತ ಬೀಳುತ್ತದೆ ಅನ್ನುವುದರ ಮೇಲೆ ರೂಪ ಬದಲಾಗುತ್ತದೆ. ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಗೆರೆಯೇನೂ ಇಲ್ಲ.

ಹಳೆಯ ಗ್ರೀಕರಂತೂ ಟೆಂಡನ್, ಲಿಗಮೆಂಟ್, ನರ ಎಲ್ಲಕ್ಕೂ 'ನ್ಯೂರಾನ್' ಅಂತಲೇ ಅನ್ನುತ್ತಿದ್ದರು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವೈದ್ಯ ಹೆರೋಫಿಲಸ್ ಮುಂತಾದವರು ನರವನ್ನು ಬೇರೆ ಮಾಡಿ ತೋರಿಸಿದರು. ಆದರೂ ಹಾಳೆಯಂಥ ಚಪ್ಪಟೆ ಟೆಂಡನ್ನಿಗೆ ಇವತ್ತಿಗೂ 'ಅಪೊನ್ಯೂರೋಸಿಸ್' ಅಂತಲೇ ಹೆಸರು, ನರಕ್ಕೂ ಅದಕ್ಕೂ ಸಂಬಂಧವೇ ಇಲ್ಲ! ನಮ್ಮ 'ಸ್ನಾಯು' ಕಥೆಯೂ ಹೀಗೇ. ಸುಶ್ರುತ ಸಂಹಿತೆಯಲ್ಲಿ ಸ್ನಾಯು ಅಂದರೆ ಕಟ್ಟುವ ನಾರು, ಹಲಗೆಗಳನ್ನು ಬಿಗಿದು ಕಟ್ಟಿದ ದೋಣಿ ಭಾರ ಹೊರುವಂತೆ ಸ್ನಾಯುಗಳಿಂದ ಕಟ್ಟಿದ ಕೀಲುಗಳು ಮೈಭಾರ ಹೊರುತ್ತವೆ ಅನ್ನುತ್ತದೆ ಅದು. ಕನ್ನಡದಲ್ಲಿ ಅದೇ ಪದ ಮಾಂಸಖಂಡ ಆಯಿತು, ಬಂಗಾಳಿಯಲ್ಲಿ ನರ ಆಯಿತು.

18ನೇ ಶತಮಾನದಲ್ಲಿ ಸಡಿಲ ಸಂಯೋಜಕ ಅಂಗಾಂಶಕ್ಕೆ, ಅಂದರೆ ಅಂಗಗಳ ನಡುವೆ ತುಂಬಿಕೊಂಡು ಅವನ್ನು ಹಿಡಿದಿಡುವ ಸಡಿಲ ನಾರಿನ ಜಾಲಕ್ಕೆ, 'ಸೆಲ್ಯುಲರ್' ಅಂಗಾಂಶ ಅಂತಿದ್ದರು. ಜೀವಕೋಶ ಸಿದ್ಧಾಂತ ಇನ್ನೂ ಬಂದಿರಲಿಲ್ಲ, ಅವರ ಮನಸ್ಸಿನಲ್ಲಿದ್ದದ್ದು ನಾರುಗಳ ನಡುವಿನ ಪುಟ್ಟ ಪುಟ್ಟ ಖಾಲಿ ಜಾಗ. ಚರ್ಮ ಮತ್ತು ಅದರಡಿಯ ಅಂಗಾಂಶಕ್ಕೆ ಬರುವ 'ಸೆಲ್ಯುಲೈಟಿಸ್' ಅನ್ನುವ ಸೋಂಕಿನ ಹೆಸರಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ.

1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಂಗರಚನಾ ತಜ್ಞರು ಕೂತು, ಬಳಕೆಯಲ್ಲಿದ್ದ ಸುಮಾರು 50,000 ಹೆಸರುಗಳನ್ನು 5,000ದ ಆಸುಪಾಸಿಗೆ ಇಳಿಸಿದರು. ಫೇಶಿಯಾ ಮಾತ್ರ ಆಮೇಲೂ ಬಗ್ಗಲಿಲ್ಲ. ಚರ್ಮದ ಕೆಳಗಿನ ಕೊಬ್ಬಿನ ಪದರವನ್ನೂ ಕೆಲವು ದೇಶಗಳಲ್ಲಿ 'ಸೂಪರ್‌ಫಿಶಿಯಲ್ ಫೇಶಿಯಾ' ಅಂತ ಕರೆಯುತ್ತಿದ್ದರು, ಇನ್ನು ಕೆಲವರಿಗೆ ಅದರೊಳಗಿನ ತೆಳು ಪೊರೆ ಮಾತ್ರ ಫೇಶಿಯಾ. 1998ರ ಅಂತರರಾಷ್ಟ್ರೀಯ ಪಟ್ಟಿ ಆ ಪದರಕ್ಕೆ ಚರ್ಮದಡಿ ಅಂಗಾಂಶ ಅನ್ನುವ ಅರ್ಥದ ಹೆಸರನ್ನೇ ಒಪ್ಪಿಕೊಂಡಿತು.

2007ರಲ್ಲಿ ಬೋಸ್ಟನ್‌ನಲ್ಲಿ ಫೇಶಿಯಾಕ್ಕಾಗಿಯೇ ಮೊದಲ ಸಮ್ಮೇಳನ ನಡೆಯಿತು. ನಂತರ ಒಂದು ನಾಮಕರಣ ಸಮಿತಿ ಎರಡು ವ್ಯಾಖ್ಯೆ ಕೊಟ್ಟಿತು. 'ಒಂದು ಫೇಶಿಯಾ' ಅಂದರೆ ಬಿಡಿಸಿ ತೆಗೆಯಬಹುದಾದ ಪೊರೆ ಅಥವಾ ಹಾಳೆ. ಇದು ಶಸ್ತ್ರಚಿಕಿತ್ಸಕರಿಗೆ ಕೆಲಸಕ್ಕೆ ಬರುತ್ತದೆ. 'ಫೇಶಿಯಾ ವ್ಯವಸ್ಥೆ' ಅಂದರೆ ಅದರ ಜೊತೆಗೆ ಕೊಬ್ಬು, ಟೆಂಡನ್, ಲಿಗಮೆಂಟ್, ಕೀಲಿನ ಚೀಲ, ನರದ ಹೊದಿಕೆ ಎಲ್ಲವೂ. ಇಷ್ಟು ಜಾಸ್ತಿ ಸೇರಿಸಿದ ಮೇಲೆ ಯಾರಾದರೂ 'ನೋವು ಫೇಶಿಯಾದಿಂದ' ಅಂದರೆ, ಯಾವ ಫೇಶಿಯಾ ಅಂತ ಕೇಳಲೇಬೇಕಲ್ವಾ?