ಡಂಬಳದ ತಾರೆ ಮತ್ತು ಎಂಟು ಭಯಗಳು

ಗದಗ ಜಿಲ್ಲೆಯ ಡಂಬಳಕ್ಕೆ ಹೋದವರು ಸಾಮಾನ್ಯವಾಗಿ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿಯನ್ನು ನೋಡಿ ಹಿಂದಿರುಗುತ್ತಾರೆ. ಊರಿಗೆ ಧರ್ಮವೊಳಲು ಎಂಬ ಹೆಸರಿದ್ದ ಕಾಲದಲ್ಲಿ ಇಲ್ಲಿ ಎರಡು ಬೌದ್ಧ ವಿಹಾರಗಳಿದ್ದವು ಎಂಬುದನ್ನು ತಿಳಿಸುವುದು ಶಕ 1017ರ, ಅಂದರೆ ಕ್ರಿ.ಶ. 1095ರ ಒಂದು ಶಾಸನ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿ ಈ ಊರನ್ನು ಆಳುತ್ತಿದ್ದಾಗ ಹುಟ್ಟಿದ ಆ ಶಾಸನದ ಪ್ರಕಾರ ಬುದ್ಧನ ವಿಹಾರವನ್ನು ಕಟ್ಟಿಸಿದವರು ಊರಿನ ಹದಿನಾರು ಸೆಟ್ಟಿಗಳು. ಬೌದ್ಧರ ದೇವಿಯಾದ ತಾರೆಯ, ಅಂದರೆ ಆರ್ಯತಾರಾದೇವಿಯ, ವಿಹಾರವನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ವಡ್ಡವ್ಯವಹಾರಿ (ದೊಡ್ಡ ವ್ಯಾಪಾರಿ) ಸಂಗವಯ್ಯ ಸೆಟ್ಟಿ.

ರಾಜನಲ್ಲ, ವ್ಯಾಪಾರಿಗಳು ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಶಾಸನದ ಆರಂಭದಲ್ಲಿ ತಾರೆಯನ್ನು ಹರಿ, ಕರಿ, ಶಿಖಿ, ಫಣಿ, ತಸ್ಕರ, ನಿಗಳ, ಜಲಾರ್ಣವ, ಪಿಶಾಚ ಎಂಬ ಎಂಟರ ಭಯವನ್ನು ಶಮನಗೊಳಿಸುವವಳೆಂದು ಸ್ತುತಿಸಲಾಗಿದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸೆರೆಯ ಸಂಕೋಲೆ, ಕಡಲು, ಪಿಶಾಚಿ: ಮನೆಯಲ್ಲಿ ಕುಳಿತವರಿಗಿಂತ ಹೇರು ಹೊರಿಸಿಕೊಂಡು ಕಾಡು ದಾಟುವವರ, ಸರಕನ್ನು ಹಡಗಿಗೆ ಏರಿಸುವವರ ಭಯಗಳಿವು. ತಾರೆ ಎಂಬ ಹೆಸರಿಗೇ ದಾಟಿಸುವವಳು ಎಂಬ ಅರ್ಥವಿದೆ.

ಬೌದ್ಧಧರ್ಮದೊಂದಿಗೆ ಈ ಸೀಮೆಯ, ಇಲ್ಲಿನ ಸೆಟ್ಟಿಗಳ ನಂಟು ಇನ್ನೂ ಹಳೆಯದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರ, ಅಂದರೆ ಹಿರಿಯ ಭಿಕ್ಷು, ಬನವಾಸಿಗೆ ಬಂದನೆಂದು ಸಿಂಹಳದ ಪಾಲಿ ಇತಿಹಾಸಗ್ರಂಥ ಮಹಾವಂಸ ಹೇಳುತ್ತದೆ. ಮುಂದೆ ಮಹಾರಾಷ್ಟ್ರದ ಕಾರ್ಲೆಯ ಗುಹಾಚೈತ್ಯವನ್ನು (ಬಂಡೆಯಲ್ಲಿ ಕೊರೆದ ಬೌದ್ಧ ಪೂಜಾಮಂದಿರ) ಪೂರ್ಣಗೊಳಿಸಿದ ಶ್ರೇಷ್ಠಿ ಭೂತಪಾಲ ತನ್ನ ಊರು ವೈಜಯಂತಿ ಎಂದು ಅಲ್ಲಿ ಕೆತ್ತಿಸಿದ್ದಾನೆ. ಅದು ಬನವಾಸಿಯೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಹಾವೇರಿಯ ನೆರೆಯ ಬಳ್ಳಿಗಾವಿಯಲ್ಲಿ ಮಾತ್ರ 1065ರ ಹೊತ್ತಿಗೆ ವಿಹಾರ ಕಟ್ಟಿಸಿದವನು ಚಾಲುಕ್ಯರ ಮಂತ್ರಿ ರೂಪಭಟ್ಟಯ್ಯ.

ಇಷ್ಟಿದ್ದ ಧರ್ಮ ಈ ಸೀಮೆಯಿಂದ ಹೇಗೆ ಮರೆಯಾಯಿತು? ಯಾರೋ ಒಂದು ದಿನ ಅಳಿಸಿಹಾಕಿದರೆಂಬ ಸರಳ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಭಿಕ್ಷುಗಳ ಊಟವೂ ದೇವಿಯ ಪೂಜೆಯೂ ದತ್ತಿಯನ್ನೇ ನಂಬಿದ್ದವು. ಇದೇ ಪೇಟೆಗಳಲ್ಲಿ ಶಿವಾಲಯಗಳೂ ಬಸದಿಗಳೂ ಏಳುತ್ತಿದ್ದವು, ಹನ್ನೆರಡನೆಯ ಶತಮಾನದಲ್ಲಿ ಶರಣರ ಮಾತು ದುಡಿಯುವವರ ಮನೆಗಳನ್ನೇ ತಲುಪಿತು. ಸೆಟ್ಟಿಗಳ ಭಕ್ತಿ ಅತ್ತ ಹೊರಳಿದ ಮೇಲೆ ವಿಹಾರವನ್ನು ಹಿಡಿದು ನಿಲ್ಲಿಸುವ ಕೈಗಳು ಉಳಿದಿರಲಾರವು.

ಮತ್ತೆ ಬುದ್ಧನ ಹೆಸರು ಈ ಭಾಗಕ್ಕೆ ಬಂದದ್ದು ಎರಡು ಬೇರೆ ಬೇರೆ ದಾರಿಗಳಿಂದ. ದಲಿತ ಹುಡುಗರ ಓದಿಗಾಗಿ ಬಾಬಾಸಾಹೇಬ ಅಂಬೇಡ್ಕರರು ಧಾರವಾಡದಲ್ಲಿ 1929ರಲ್ಲಿಯೇ ವಿದ್ಯಾರ್ಥಿನಿಲಯ ತೆರೆಸಿದ್ದರು. 1956ರ ಅಕ್ಟೋಬರ್ 14ರಂದು ಅವರು ನಾಗಪುರದಲ್ಲಿ ದೀಕ್ಷೆ ಪಡೆದ ಮೇಲೆ ಬುದ್ಧನ ಹೆಸರು ಇಲ್ಲಿನ ದಲಿತ ಕೇರಿಗಳಲ್ಲಿ ಸ್ವಾಭಿಮಾನದ ಹೆಸರಾಯಿತು. ಇನ್ನೊಂದು ದಾರಿ ಟಿಬೆಟಿನಿಂದ ಬಂದದ್ದು. ಹುಬ್ಬಳ್ಳಿಯಿಂದ ತಡಸದ ಮೇಲೆ ಹಾದು ಹೋದರೆ ಸಿಗುವ, ಉತ್ತರ ಕನ್ನಡಕ್ಕೆ ಸೇರಿದ ಮುಂಡಗೋಡದಲ್ಲಿ 1966ರಲ್ಲಿ ನಿರಾಶ್ರಿತರ ನೆಲೆ ಆರಂಭವಾಯಿತು. ಲಾಸಾದ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಅಲ್ಲಿ ಮರುಹುಟ್ಟು ಪಡೆದವು. ಚಳಿಗಾಲದಲ್ಲಿ ಹುಬ್ಬಳ್ಳಿಯ ಜನ ಸ್ವೆಟರ್ ಕೊಳ್ಳುವುದು ಟಿಬೆಟಿಯನ್ನರ ಅಂಗಡಿಗಳಲ್ಲಿ.

ಟಿಬೆಟಿಯನ್ನರು ಡೋಲ್ಮಾ ಎಂದು ಕರೆಯುವ ದೇವಿ ಈ ತಾರೆಯೇ. ಅವಳು ಕಾಯುವಳೆಂದು ಅವರ ಪರಂಪರೆ ಎಣಿಸುವ ಭಯಗಳೂ ಎಂಟು: ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸೆರೆ, ನೀರು, ಪಿಶಾಚಿ.