ಹ್ಯಾಂಡಲ್ ಬದಲಿಸಿದರೆ ಕೈ-ಭುಜದ ನೋವು ಹೋಗುತ್ತದಾ?

ಓದುಗರ ಪ್ರಶ್ನೆ: ನನ್ನದು ಟೂರಿಂಗ್ ಬೈಕು. ಕೆಲಸ ಶಿವಮೊಗ್ಗದಲ್ಲಿ, ಊರು ತೀರ್ಥಹಳ್ಳಿ ಕಡೆ. ರಜೆ ಸಿಕ್ಕರೆ ಆಗುಂಬೆ ಘಾಟಿ ಇಳಿದು ಉಡುಪಿಗೋ, ಸಾಗರ ದಾಟಿ ಜೋಗಕ್ಕೋ ಹೋಗುತ್ತೇನೆ. ಒಂದು ಗಂಟೆ ಓಡಿಸುವಷ್ಟರಲ್ಲಿ ಬೆನ್ನಿನ ಮೇಲ್ಭಾಗ ಬಿಗಿಯುತ್ತದೆ, ಬಲಗೈಯ ಕಿರುಬೆರಳು ಜೋಮು ಹಿಡಿಯುತ್ತದೆ. ಎತ್ತರದ ಹ್ಯಾಂಡಲ್ ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಕಿಸಲಾ?

ಉತ್ತರ: ಹಾಕಿಸಬಹುದು. ಆದರೆ ಈಗಲೇ ಬೇಡ. ಮೊದಲು ಈಗಿರುವ ಹ್ಯಾಂಡಲ್‌ನಲ್ಲೇ ಏನು ಸರಿಮಾಡಬಹುದು ಅಂತ ನೋಡಿ. ಅದಕ್ಕೆ ಒಂದು ಸ್ಪ್ಯಾನರ್, ಅಲೆನ್ ಕೀ, ಅರ್ಧ ದಿನ ಸಾಕು.

ನೋವು ಎಲ್ಲಿ ಶುರುವಾಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮಾದರೆ, ಸಾಮಾನ್ಯವಾಗಿ ಅಂಗೈ ಬುಡದ ಹೊರ ಅಂಚಿನಲ್ಲಿ ಹಾದುಹೋಗುವ ನರ ಒತ್ತಿಹೋಗುತ್ತಿರುತ್ತದೆ. ಅಂದರೆ ಮೈಭಾರ ಕೈಗಳ ಮೇಲೆ ಬೀಳುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾದರೆ ಹೆಚ್ಚಾಗಿ ಮಣಿಕಟ್ಟು ಬಾಗಿಕೊಂಡೇ ಇರುತ್ತದೆ. ಇಡೀ ಅಂಗೈ ಜುಮ್ ಅನ್ನುತ್ತಿದ್ದರೆ ಎಂಜಿನ್ನಿನ ನಡುಕವನ್ನು ಅನುಮಾನಿಸಿ. ಅದಕ್ಕೆ ಎತ್ತರದ ಹ್ಯಾಂಡಲ್ ಮದ್ದಲ್ಲ. ತುದಿಯಲ್ಲಿ ಭಾರದ ಬಾರ್ ಎಂಡ್, ಮೆತ್ತನೆ ಗ್ರಿಪ್ ಹಾಕಿ ನೋಡಬೇಕು. ಬೈಕಿಂದ ಇಳಿದ ಮೇಲೂ ಜೋಮು ಬಿಡದಿದ್ದರೆ, ರಾತ್ರಿ ಮಲಗಿದಾಗಲೂ ಬಂದರೆ, ಗ್ಯಾರೇಜಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಮಟ್ಟಸವಾದ ಜಾಗದಲ್ಲಿ ಬೈಕನ್ನು ಮೈನ್ ಸ್ಟ್ಯಾಂಡ್ ಹಾಕಿ, ಇಲ್ಲದಿದ್ದರೆ ಯಾರಿಗಾದರೂ ಹಿಡಿದುಕೊಳ್ಳಲು ಹೇಳಿ. ಎಂದಿನಂತೆ ಕೂತು ಕಣ್ಣು ಮುಚ್ಚಿ. ಭುಜ ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಮಡಚಿ, ಕೈಗಳನ್ನು ಮುಂದೆ ಚಾಚಿ. ಅಂಗೈ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿ ಗ್ರಿಪ್ ಇರಬೇಕು. ಕಣ್ಣು ಬಿಟ್ಟು ನೋಡಿ. ಗ್ರಿಪ್ ಇನ್ನೂ ಮುಂದಿದೆಯಾ, ಕೆಳಗಿದೆಯಾ, ಅಗಲವಾಗಿದೆಯಾ? ಎಷ್ಟು ಅಂತ ಟೇಪಿನಲ್ಲಿ ಅಳೆದು ಬರೆದಿಡಿ. ಬಹಳ ಜನರಿಗೆ ಬೇಕಾಗುವ ವ್ಯತ್ಯಾಸ ಎರಡು-ಮೂರು ಸೆಂಟಿಮೀಟರ್ ಮಾತ್ರ. ಅಷ್ಟಕ್ಕೆ ಹೊಸ ಹ್ಯಾಂಡಲ್ ಬೇಕಾಗುವುದೇ ಇಲ್ಲ.

ಮೊದಲು ಕ್ಲಚ್, ಬ್ರೇಕ್ ಲಿವರ್‌ಗಳ ಕೋನ ತಿರುಗಿಸಿ. ಕೂತಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಲಿವರ್ ಮೇಲೆ ಬರಬೇಕು. ಶೋರೂಮಿನಿಂದ ಬಂದ ಬೈಕುಗಳಲ್ಲಿ ಲಿವರ್ ಎಷ್ಟೋ ಸಲ ಮೇಲಕ್ಕೆ ಇರುತ್ತದೆ, ಮಣಿಕಟ್ಟು ದಿನವಿಡೀ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಕೊಡಚಾದ್ರಿ ಕಡೆಯ ಮಣ್ಣುರಸ್ತೆಯಲ್ಲಿ ಎದ್ದು ನಿಂತು ಓಡಿಸುವವರಂತೂ ಲಿವರನ್ನು ಇನ್ನೂ ಸ್ವಲ್ಪ ಕೆಳಗೆ ಇಟ್ಟುಕೊಳ್ಳಬೇಕು. ಆಮೇಲೆ ಹ್ಯಾಂಡಲನ್ನು ಬಿಗಿದು ಹಿಡಿದಿರುವ ಕ್ಲಾಂಪ್ ಸಡಿಲಿಸಿ ಹ್ಯಾಂಡಲನ್ನೇ ನಿಮ್ಮ ಕಡೆಗೆ ಒಂಚೂರು ತಿರುಗಿಸಿ ನೋಡಿ. ಗ್ರಿಪ್ ಹತ್ತಿರ ಬರುತ್ತದೆ, ಸ್ವಲ್ಪ ಕೆಳಗೂ ಇಳಿಯುತ್ತದೆ. ಮೂಲ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿರಿ. ಎಲ್ಲ ಆದ ಮೇಲೆ ಬ್ರೇಕ್ ಆಯಿಲ್ ಡಬ್ಬಿ ತೀರಾ ವಾಲದೆ, ಹೆಚ್ಚುಕಡಿಮೆ ಮಟ್ಟಸವಾಗಿರಬೇಕು.

ಸೀಟನ್ನೂ ನೋಡಿ. ಅದು ಮುಂದಕ್ಕೆ ಇಳಿಜಾರಾಗಿದ್ದರೆ ನೀವು ಟ್ಯಾಂಕ್ ಕಡೆಗೆ ಜಾರುತ್ತಲೇ ಇರುತ್ತೀರಿ, ತಡೆಯುವ ಕೆಲಸ ಕೈಗಳಿಗೆ ಬೀಳುತ್ತದೆ. ಕಿರುಬೆರಳಿನ ಜೋಮಿಗೆ ಇದೂ ಕಾರಣ. ಹ್ಯಾಂಡಲ್ ಎತ್ತರಿಸಿದರೂ ಈ ಜಾರುವಿಕೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿ ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಹೋಗಿ ಬನ್ನಿ. ನೋವು ಎಷ್ಟು ಹೊತ್ತಿಗೆ ಬಂತು ಅಂತ ನೋಡಿಕೊಳ್ಳಿ. ತಡವಾಗಿ ಬಂದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ.

ಆಮೇಲೂ ಎತ್ತರ ಸಾಲದು ಅನ್ನಿಸಿದರೆ ರೈಸರ್ ಇದೆ. ಹ್ಯಾಂಡಲ್ ಕೂರುವ ಜಾಗದಲ್ಲಿ ಕೆಳಗೆ ಕೊಡುವ ಲೋಹದ ತುಂಡು ಅಷ್ಟೆ. 20ರಿಂದ 30 ಮಿ.ಮೀ ಎತ್ತರದವು ಸುಲಭವಾಗಿ ಸಿಗುತ್ತವೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ನೇರ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಫೋರ್ಕಿನ ಗೆರೆಯಲ್ಲೇ ಏರುವ ರೈಸರ್ ಹ್ಯಾಂಡಲನ್ನು ಹಿಂದಕ್ಕೂ ತರುತ್ತದೆ. ಫೋರ್ಕ್ 26 ಡಿಗ್ರಿ ವಾಲಿದ್ದರೆ 30 ಮಿ.ಮೀ ರೈಸರ್‌ಗೆ ಹ್ಯಾಂಡಲ್ ಸುಮಾರು 13 ಮಿ.ಮೀ ನಿಮ್ಮ ಹತ್ತಿರ ಬರುತ್ತದೆ. ಬೆನ್ನಿನ ಮೇಲ್ಭಾಗ ಬಿಗಿಯುವವರಿಗೆ ಎತ್ತರಕ್ಕಿಂತ ಈ 13 ಮಿ.ಮೀ ಹೆಚ್ಚು ಆರಾಮ ಕೊಡಬಹುದು.

ಹ್ಯಾಂಡಲನ್ನೇ ಬದಲಿಸುವುದು ಇದೆಲ್ಲ ಆದ ಮೇಲೆ. ಮಲೆನಾಡಿನಲ್ಲಿ ಓಡಿಸುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಲೇಬೇಕು. ಬಯಲುಸೀಮೆಯ ನೇರ ಹೈವೇಗೆ ಒಗ್ಗುವ ಹ್ಯಾಂಡಲ್ ನಮ್ಮ ಘಾಟಿಗೆ ಒಗ್ಗುತ್ತದೆ ಅಂತ ಹೇಳಲಾಗದು.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನಾವು ರಸ್ತೆಯ ಎಡಬದಿಯಲ್ಲಿ ಓಡಿಸುವವರು. ಅದಕ್ಕೇ ಎಡಕ್ಕೆ ಹೊರಳುವ ತಿರುವೇ ನಮಗೆ ಹೆಚ್ಚು ಇಕ್ಕಟ್ಟು. ಅಲ್ಲಿ ನಿಧಾನಕ್ಕೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸುವಾಗ ದೂರಕ್ಕೆ ಚಾಚುವುದು ಬಲಗೈ. ಆಕ್ಸಿಲೇಟರ್, ಮುಂದಿನ ಬ್ರೇಕ್ ಎರಡೂ ಅದೇ ಕೈಯಲ್ಲಿ! ಹ್ಯಾಂಡಲ್ ನಿಮ್ಮ ಭುಜಕ್ಕಿಂತ ತೀರಾ ಅಗಲವಾಗಿದ್ದರೆ ಕೈ ಎಟಕದೆ ಆಕ್ಸಿಲೇಟರ್ ತನ್ನಷ್ಟಕ್ಕೆ ತಿರುಗಿಬಿಡುತ್ತದೆ. ಮಳೆಗಾಲದ ಪಾಚಿ ಹಿಡಿದ ಟಾರಿನ ಮೇಲೆ ಅಷ್ಟು ಸಾಕು, ಚಕ್ರ ಜಾರಲು. ಹಾಗಂತ ತುಂಬಾ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿಸಿದರೆ ಇನ್ನೊಂದು ಪೇಚು. ಅದೇ ತಿರುವಿನಲ್ಲಿ ಎಡಗೈ ಬಂದು ತೊಡೆಗೋ ಟ್ಯಾಂಕಿಗೋ ತಾಗುತ್ತದೆ, ಕ್ಲಚ್ ಹಿಡಿಯಲು ಜಾಗವೇ ಇರುವುದಿಲ್ಲ.

ತುಂಬಾ ಎತ್ತರದ್ದೂ ಬೇಡ. ನೆಟ್ಟಗೆ ಕೂತರೆ ಕೈ ಹಗುರವಾಗುತ್ತದೆ ನಿಜ, ಆದರೆ ಗುಂಡಿಯ ಏಟೆಲ್ಲ ನೇರ ಬೆನ್ನುಮೂಳೆಗೆ ಬೀಳುತ್ತದೆ. ವೇಗದಲ್ಲಿ ಗಾಳಿ ಎದೆಗೆ ಹೊಡೆಯುತ್ತದೆ. ಮೈಭಾರ ಹಿಂದೆ ಸರಿದು, ಹಿಂದೆ ಲಗೇಜ್ ಬಾಕ್ಸೂ ಇದ್ದರೆ, ಘಾಟಿ ಹತ್ತುವಾಗ ಮುಂದಿನ ಚಕ್ರ ಹಗುರ ಅನ್ನಿಸುತ್ತದೆ. ನಮ್ಮ ರಸ್ತೆಗಳಿಗೆ ಸ್ವಲ್ಪ ಮುಂದೆ ಬಾಗಿ ಕೂರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕೊಳ್ಳುವಾಗ ನಾಲ್ಕು ಅಳತೆ ಕೈಯಲ್ಲಿರಲಿ. ತುದಿಯಿಂದ ತುದಿಗೆ ಅಗಲ, ಎತ್ತರ, ಹಿಂದಕ್ಕೆ ಬಾಗಿರುವ ದೂರ, ಕ್ಲಾಂಪ್ ಹಿಡಿಯುವ ಜಾಗದ ದಪ್ಪ. ದಪ್ಪದ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಸಾಮಾನ್ಯ ಹ್ಯಾಂಡಲ್ 22 ಮಿ.ಮೀ, ನಡುವೆ ದಪ್ಪಗಿರುವ ಟೇಪರ್ಡ್ ಹ್ಯಾಂಡಲ್ 28.6 ಮಿ.ಮೀ. ಒಂದರ ಕ್ಲಾಂಪ್ ಇನ್ನೊಂದಕ್ಕೆ ಆಗುವುದಿಲ್ಲ. ಸ್ವಿಚ್ ಬಾಕ್ಸಿನ ಒಳಗೆ ಒಂದು ಪುಟ್ಟ ಪಿನ್ ಇರುತ್ತದೆ, ಅದು ಹ್ಯಾಂಡಲಿನ ತೂತಿನಲ್ಲಿ ಕೂರಬೇಕು. ಹೊಸ ಹ್ಯಾಂಡಲಿನಲ್ಲಿ ತೂತು ಇಲ್ಲದಿದ್ದರೆ ಸರಿಯಾದ ಜಾಗ ಗುರುತು ಮಾಡಿ ಕೊರೆಸಬೇಕು. ಪಿನ್ ಉಜ್ಜಿ ಹಾಕಿ ಕೂರಿಸಲು ಬಿಡಬೇಡಿ. ಆಮೇಲೆ ಸ್ವಿಚ್ ಬಾಕ್ಸು ಸುತ್ತಲು ಶುರುವಾಗುತ್ತದೆ. ಮತ್ತೆ, ಬಿದ್ದು ಬಾಗಿದ ಅಲ್ಯೂಮಿನಿಯಂ ಹ್ಯಾಂಡಲನ್ನು ತಟ್ಟಿ ನೇರ ಮಾಡಿಸಿ ಬಳಸಲೇಬಾರದು.

ಎಲ್ಲಕ್ಕಿಂತ ಮುಖ್ಯ ವೈರು ಮತ್ತು ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹರಿಯುವ ಪೈಪು. ನಿಮ್ಮ ಹ್ಯಾಂಡಲ್ ಎಷ್ಟು ಎತ್ತರಕ್ಕೆ ಹೋಗಬಹುದು ಅನ್ನುವುದು ಅವುಗಳ ಉದ್ದದ ಮೇಲೆ ನಿಂತಿದೆ. ಗ್ಯಾರೇಜಿನಲ್ಲಿ ಹ್ಯಾಂಡಲ್ ನೇರ ಇಟ್ಟು "ಸಾಕಾಗುತ್ತೆ ಸಾರ್" ಅಂದರೆ ಒಪ್ಪಬೇಡಿ. ನೀವೇ ನಿಂತು ಪರೀಕ್ಷೆ ಮಾಡಿಸಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಹ್ಯಾಂಡಲನ್ನು ಎಡದ ಕೊನೆಗೆ, ಆಮೇಲೆ ಬಲದ ಕೊನೆಗೆ ತಿರುಗಿಸಿ. ಎಂಜಿನ್ ಸದ್ದು ಏರಿತಾ? ಹಾಗಾದರೆ ಆಕ್ಸಿಲೇಟರ್ ವೈರ್ ಎಳೆಯುತ್ತಿದೆ. ಆ ಬೈಕಿನಲ್ಲಿ ಘಾಟಿ ಇಳಿಯಬಾರದು. ಎರಡೂ ಕೊನೆಯಲ್ಲಿ ಕ್ಲಚ್ ಲಿವರಿನ ಆಟ ಒಂದೇ ಸಮ ಇರಬೇಕು. ಆಕ್ಸಿಲೇಟರ್ ಬಿಟ್ಟ ತಕ್ಷಣ ಟಪ್ ಅಂತ ಹಿಂದಕ್ಕೆ ಹೋಗಬೇಕು. ಕೆಲವು ಹೊಸ ಬೈಕುಗಳಲ್ಲಿ ಆಕ್ಸಿಲೇಟರ್‌ಗೆ ವೈರ್ ಇಲ್ಲ, ಎಲೆಕ್ಟ್ರಾನಿಕ್. ಅಲ್ಲಿ ಕರೆಂಟ್ ವೈರಿನ ಗೊಂಚಲು ಎಳೆಯುತ್ತಿದೆಯಾ ಅಂತ ನೋಡಬೇಕು.

ಬ್ರೇಕ್ ಹೋಸನ್ನು ಮುಂದಿನ ಚಕ್ರ ನೆಲ ಬಿಟ್ಟು ಫೋರ್ಕ್ ಪೂರ್ತಿ ಇಳಿದಾಗಲೇ ನೋಡಬೇಕು. ಚಕ್ರ ನೆಲದ ಮೇಲಿದ್ದಾಗ ಫೋರ್ಕ್ ಸ್ವಲ್ಪ ಒಳಗೆ ಕೂತಿರುತ್ತದೆ, ಹೋಸ್ ಸಡಿಲ ಕಾಣುತ್ತದೆ. ಹಂಪಿನ ಮೇಲೆ ಚಕ್ರ ಎದ್ದಾಗಲೇ ಅದು ಸೆಟೆಯುವುದು. ಹೋಸ್ ಸಾಲದಿದ್ದರೆ ಉದ್ದದ್ದು ಹಾಕಿಸಿ, ಬ್ರೇಕ್ ಆಯಿಲ್ ಹೊಸದು ತುಂಬಿಸಿ, ಗಾಳಿ ಪೂರ್ತಿ ತೆಗೆಸಿ. ಯಾವ ಆಯಿಲ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಾದರೆ ಆ ಕೆಲಸ ಗೊತ್ತಿರುವವರ ಹತ್ತಿರವೇ ಮಾಡಿಸಿ. ಅಷ್ಟು ಖರ್ಚು ಬೇಡ ಅನ್ನಿಸಿದರೆ ಕಡಿಮೆ ಎತ್ತರದ ಹ್ಯಾಂಡಲ್ ಆರಿಸಿ. ಹೋಸನ್ನು ಎಳೆದು ಹೊಂದಿಸುವುದು ಮಾತ್ರ ಬೇಡವೇ ಬೇಡ.

ನಿಮ್ಮ ವಿಷಯಕ್ಕೆ ಬಂದರೆ, ಕಿರುಬೆರಳಿನ ಜೋಮು ಮತ್ತು ಬೆನ್ನಿನ ಬಿಗಿತ ಎರಡೂ ಸೇರಿ ಹ್ಯಾಂಡಲ್ ದೂರ ಇದೆ ಅನ್ನುತ್ತಿವೆ, ತಗ್ಗಾಗಿದೆ ಅಂತಲ್ಲ. ಲಿವರ್ ಸರಿಮಾಡಿ, ಹ್ಯಾಂಡಲ್ ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿ. ಸಾಲದಿದ್ದರೆ 20 ಮಿ.ಮೀ ರೈಸರ್ ಹಾಕಿಸಿ. ಅದೂ ಸಾಲದಿದ್ದರೆ, ಈಗಿನಷ್ಟೇ ಅಗಲದ, ಸ್ವಲ್ಪ ಹೆಚ್ಚು ಹಿಂದಕ್ಕೆ ಬಾಗಿದ ಹ್ಯಾಂಡಲ್ ಹುಡುಕಿ. ವಾರಂಟಿ ಇನ್ನೂ ಇದ್ದರೆ ಕಂಪನಿಯದ್ದೇ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಈ ಕೆಲಸ ಮಳೆ ಹಿಡಿಯುವ ಮೊದಲೇ ಮುಗಿಸಿ. ಸ್ವಿಚ್ ಬಾಕ್ಸ್ ಬಿಚ್ಚಿ ಜೋಡಿಸುವಾಗ ಸಂದು ಸರಿಯಾಗಿ ಕೂರದಿದ್ದರೆ ನಮ್ಮ ಮಳೆಗೆ ಒಳಗೆ ನೀರು ಹೋಗುತ್ತದೆ. ಕ್ಲಾಂಪ್ ಬೋಲ್ಟನ್ನು ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿಸಲಿ. ತೀರ್ಥಹಳ್ಳಿಗೆ ಒಮ್ಮೆ ಹೋಗಿ ಬಂದು, ಅವೇ ಬೋಲ್ಟನ್ನು ಇನ್ನೊಮ್ಮೆ ನೋಡಿಸಿ, ಆಮೇಲೆ ಆಗುಂಬೆ ಇಳಿಯಿರಿ.